ಮುಂದಿನ ಕೋಣೆಯ ನಗು

ಮೇಜಿನ ಎರಡು ಕಾಲು ಹೊಸ್ತಿಲು ದಾಟಿದ್ದವು, ಇನ್ನೆರಡು ಒಳಗೇ ಇದ್ದವು. ಅಷ್ಟರಲ್ಲಿ ಹೊರಗೆ ಯಾರೋ ಗೊಳ್ಳೆಂದು ನಕ್ಕರು.

"ಸಾವಿನ ಮನೇಲಿ ಯಾರದು ಹಲ್ಲು ಕಿರಿಯೋದು?" ಎಂದ ಬಸ್ ಡ್ರೈವರ್. ಆಸ್ಪತ್ರೆಯಿಂದ ಅವನ ಹೆಂಡತಿಯ ದೇಹ ಬರುವಷ್ಟರಲ್ಲಿ ಮುಂದಿನ ಕೋಣೆ ತೆರವಾಗಬೇಕಿತ್ತು.

ಮೇಜಿನ ಇನ್ನೊಂದು ತುದಿ ಹಿಡಿದಿದ್ದ ನಾದಿನಿ ಕತ್ತು ಚಾಚಿ ನೋಡಿದಳು. "ಅಕ್ಕನ ಹುಡುಗ್ರು ಭಾವ. ಹಳಬರೂ ಬಂದಿದ್ದಾರೆ."

ಅಕ್ಕನ ಹುಡುಗರು! ಸ್ವಂತ ಮಕ್ಕಳಿಲ್ಲದ ಮನೆಯಲ್ಲಿ ಆ ಮಾತು ಕೇಳಿದಾಗಲೆಲ್ಲ ಅವನು ಸಿಡುಕುತ್ತಿದ್ದ. ಹೈಸ್ಕೂಲಿನ ಕೊನೆಯ ವರ್ಷದ ಮಕ್ಕಳನ್ನು ಕಾಲೇಜಿನ ಸಂದರ್ಶನಕ್ಕೆ ತಯಾರು ಮಾಡುವುದು ಹೆಂಡತಿಯ ಕೆಲಸ. ಅದು ನಡೆಯುತ್ತಿದ್ದದ್ದು ಇದೇ ಕೋಣೆಯಲ್ಲಿ, ಇದೇ ಮೇಜಿನ ಆಚೆ ಈಚೆ.

ಹೊರಗೆ ಹಳೆಯ ವಿದ್ಯಾರ್ಥಿಯೊಬ್ಬ, ಈಗ ಡಾಕ್ಟರು, ಒಂದು ಕಾಲಿನ ಬೂಟು ಬಿಚ್ಚಿ ಕುಂಟುತ್ತಾ ತೋರಿಸುತ್ತಿದ್ದ. "ಮೇಡಂ ತಾವೇ ಸಂದರ್ಶನಕ್ಕೆ ಹೋದಾಗ ಮೂರು ಜನ ಕೂತು, 'ಯಾಕಮ್ಮಾ ಓದ್ಬೇಕು ನೀನು?' ಅಂದ್ರಂತೆ. ಮೇಡಂ ಅಳ್ತಾ ಎದ್ದು ಓಡಿದ್ದೇ ಓಡಿದ್ದು. ಒಂದು ಚಪ್ಪಲಿ ಅಲ್ಲೇ! ಮನೇವರೆಗೂ ಹೀಗೇ ನಡೆದ್ರಂತೆ." ನಗುತ್ತಲೇ ಕಣ್ಣೊರೆಸಿಕೊಂಡ. ಡ್ರೈವರನ್ನು ಕಂಡು ಗಡಬಡಿಸಿ ನಿಂತ. "ಅಂಕಲ್... ನಮ್ಮ ಭಯ ಬಿಡ್ಸೋಕೆ ಮೊದಲನೇ ದಿನ ಇದನ್ನೇ ಹೇಳೋರು. ನಿಮಗೆ ಗೊತ್ತೇ ಇರತ್ತಲ್ಲ."

"ಗೊತ್ತಿಲ್ದೆ ಏನು? ಎಡಗಾಲಿನ ಚಪ್ಪಲಿ."

"ಬಲಗಾಲಿಂದು ಅಂಕಲ್," ಎಂದಳು ಎತ್ತರದ ಹುಡುಗಿಯೊಬ್ಬಳು, ಮೆಲ್ಲಗೆ.

ಅವನ ಮುಖ ಕಪ್ಪಿಟ್ಟಿತು.

*

ಬಸ್ಸನ್ನು ಡಿಪೋದಲ್ಲಿ ಬಿಟ್ಟು ಬಂದವನು ಯಾವತ್ತೂ ಹಿಂಬಾಗಿಲಿನಿಂದಲೇ ಮನೆ ಹೊಗುತ್ತಿದ್ದ. ಪಾಠ ಕೆಡಬಾರದಲ್ಲ! ಅಡುಗೆಮನೆಯಲ್ಲಿ ತಾನೇ ಬಡಿಸಿಕೊಂಡು ಉಣ್ಣುವಾಗ ಗೋಡೆಯಾಚೆ ನಗು ಕೇಳಿಸುತ್ತಿತ್ತು. ಹೆಂಡತಿ ಒಳಗೆ ಬರುವ ಹೊತ್ತಿಗೆ ಆ ನಗುವಿನ ಚೂರೂ ಉಳಿದಿರುತ್ತಿರಲಿಲ್ಲ.

"ಅಷ್ಟು ಹೊತ್ತು ಏನು ಮಾತಾಡ್ತೀಯೇ ಅವರ ಹತ್ರ?" ಎಂದು ಒಮ್ಮೆ ಕೇಳಿದ್ದ.

"ಮಾತಾಡೋರು ಅವರು. ನಾನು ಕೇಳಿಸ್ಕೋತೀನಿ."

ಅವನು ನಂಬಿದ. ಡಿಪೋದ ಗೆಳೆಯರು ಮನೆಗೆ ಬಂದರೆ ಅವಳ ಎದುರಿಗೇ ಜಂಬ ಕೊಚ್ಚುತ್ತಿದ್ದ. "ನಾನೋ ಹೈಸ್ಕೂಲಿಗೇ ಮಣ್ಣು ಹೊತ್ತವನು. ಇವಳಿದ್ದಾಳಲ್ಲ, ಸೋಲು ಅಂದ್ರೆ ಏನೂಂತ್ಲೇ ಗೊತ್ತಿಲ್ಲ!" ಅವಳು ಖಾಲಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು.

*

ಶವಪೆಟ್ಟಿಗೆ ಎತ್ತುವಾಗ ಡಾಕ್ಟರು ಮುಂದೆ ಬಂದ. ಡ್ರೈವರ್ ಕೈ ಅಡ್ಡ ಹಿಡಿದ. "ಮನೆಯೋರು ಸಾಕು."

ಮನೆಯವರೆಂದರೆ ಅವನು, ಅವನ ತಮ್ಮ, ನಾದಿನಿ, ಅವಳ ಗಂಡ. ಸ್ಮಶಾನದ ಏರಿನಲ್ಲಿ ಅವನ ಕಾಲು ಜಾರಿತು, ಪೆಟ್ಟಿಗೆ ಒಂದು ಕಡೆಗೆ ವಾಲಿತು. ಕೇಳದೆಯೇ ಒಂದು ಹೆಗಲು ಅವನ ಹೆಗಲ ಪಕ್ಕಕ್ಕೆ ಬಂತು. ಡಾಕ್ಟರದು. ಬಿಡು ಎನ್ನಲು ಅವನಲ್ಲಿ ಉಸಿರೂ ಇರಲಿಲ್ಲ, ಮುಖವೂ ಇರಲಿಲ್ಲ.

ಮಣ್ಣು ಮುಚ್ಚಿದ ಮೇಲೆ ನಾದಿನಿಯನ್ನು ಪಕ್ಕಕ್ಕೆ ಕರೆದ.

"ಆ ಚಪ್ಪಲಿ ವಿಷಯ ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು ಭಾವ. ಅವತ್ತು ಅಕ್ಕನ ಜೊತೆ ನಾನೇ ಹೋಗಿದ್ದೆ."

"ಊರಿಗೆಲ್ಲ ಹೇಳಿದ್ದಾಳೆ. ನನಗ್ಯಾಕೆ ಹೇಳ್ಲಿಲ್ಲ?"

ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಅವರೆಲ್ಲ ಒಂದು ವರ್ಷ ಇದ್ದು ಹೋಗೋರು. ನಿಮ್ಮ ಕಣ್ಣೆದುರು ಅವಳು ದಿನಾ ಓಡಾಡ್ಬೇಕಿತ್ತಲ್ಲ ಭಾವ."

ಗೇಟಿನಾಚೆ ಕಾರಿನ ಬಾಗಿಲುಗಳು ಒಂದೊಂದಾಗಿ ಹಾಕಿಕೊಳ್ಳುವ ಸದ್ದು ಕೇಳಿತು. ಹುಡುಗರೆಲ್ಲ ಹೊರಟುಬಿಡುತ್ತಾರೆ. ಅವಳ ಅರ್ಧ ಬದುಕನ್ನು ಹಂಚಿಕೊಂಡು ಊರೂರಿಗೆ ಹೋಗಿಬಿಡುತ್ತಾರೆ. ಡ್ರೈವರ್ ಹೆಚ್ಚುಕಡಿಮೆ ಓಡಿದ. ಡಾಕ್ಟರ ಕಾರಿನ ಗಾಜು ತಟ್ಟಿದ.

"ನಾನೂ ಬರ್ತೀನಿ. ಮನೆ ಹತ್ರ ಬಿಡು."

ಹಿಂದಿನ ಸೀಟಿನಲ್ಲಿ ಎತ್ತರದ ಹುಡುಗಿಯೂ ಮತ್ತೊಬ್ಬಳೂ ಒತ್ತಿಕೊಂಡು ಜಾಗ ಮಾಡಿದರು. ಕಾರು ಹೊರಟಿತು.

"ಹೇಳಿ," ಎಂದ ಅವನು, ಒರಟಾಗಿ. "ಇನ್ನೂ ಏನೇನು ಹೇಳಿದ್ಲು?"

ಡಾಕ್ಟರು ಕನ್ನಡಿಯಲ್ಲಿ ಅವನನ್ನು ನೋಡಿದ. ಎತ್ತರದ ಹುಡುಗಿ ಶುರುಮಾಡಿದಳು. ಮೇಡಂ ಚಿಕ್ಕಂದಿನಲ್ಲಿ ಈಜಲು ಹೋಗಿ ಮುಳುಗುವಂತಾಗಿದ್ದು, ತಂದೆಗೆ ಹೆದರಿ ಮಂಚದ ಕೆಳಗೆ ಅವಿತದ್ದು. ಪ್ರತಿಯೊಂದೂ ಅವನಿಗೆ ಹೊಸದು, ಪ್ರತಿಯೊಂದೂ ಚುಚ್ಚಿತು.

"ನೀವೂ ಒಂದು ಹೇಳಿ ಅಂಕಲ್," ಎಂದಳು ಹುಡುಗಿ.

ಹೆಂಡತಿ ನಿದ್ದೆಯಲ್ಲಿ ಮಾತಾಡುತ್ತಿದ್ದಳು. ಕತ್ತಲಲ್ಲಿ ಇದ್ದಕ್ಕಿದ್ದಂತೆ, ಸ್ಪಷ್ಟವಾಗಿ, "ಹೆದರ್ಬೇಡ, ಕೂತ್ಕೋ" ಎನ್ನುತ್ತಿದ್ದಳು. ಅದನ್ನು ಕೇಳಿದವನು ಲೋಕದಲ್ಲಿ ಅವನೊಬ್ಬನೇ.

ಮಾತು ನಾಲಿಗೆಯ ತುದಿಗೆ ಬಂದಿತ್ತು. ಮೂರು ಮುಖಗಳು ಕಾಯುತ್ತಿದ್ದವು. ಅವನು ತುಟಿ ಬಿಗಿದು, ಎರಡೂ ಕೈಗಳನ್ನು ಅಂಗಿಯ ಎದೆಯ ಮೇಲೆ ಒತ್ತಿಕೊಂಡು, ಕಿಟಕಿಯ ಕಡೆಗೆ ಮುಖ ತಿರುಗಿಸಿದ.