ಹತ್ತಿಯ ಕೋಣೆ

ಗುಳಿಗೆಯ ಅಮಲು ಬಿಡಿಸಲೆಂದು ಬಸವಪ್ರಸಾದನನ್ನು ಆದೋನಿಯ ಆಸ್ಪತ್ರೆಗೆ ಕರೆತಂದದ್ದು ಇದು ಮೂರನೆಯ ಸಲ. ಡಾಕ್ಟರ ಎದುರು ಅಪ್ಪ ಪಂಚಾಕ್ಷರಯ್ಯ ನಡುವೆ ಕೂತಿದ್ದ. ಆಚೆ ಮಗ, ಈಚೆ ಮಗಳು ಪ್ರತಿಮಾ.

“ಯಾವಾಗಿನಿಂದ ಶುರುವಾಯಿತು?” ಡಾಕ್ಟರು ಕೇಳಿದರು.

“ಕಾಲೇಜಿನ್ಯಾಗ್ರಿ. ದೋಸ್ತರು ಕೆಡಿಸಿದ್ರು,” ಎಂದ ಅಪ್ಪ. “ನಾನೇನ್ ಕಮ್ಮಿ ಮಾಡೀನ್ರಿ? ಬೆಳ್ಳಿ ಲೋಟದಾಗ ಹಾಲು ಕುಡದು ಬೆಳದಾನ.”

“ಹೌದ್ರಿ ಸಾರ್, ಲೋಟ ಹಾರಿ ಬರ್ತಿತ್ತು,” ಎಂದು ಬಸವಪ್ರಸಾದ ನಕ್ಕ. ಅಪ್ಪ ತಿರುಗಿ ನೋಡಿದ. ಇಪ್ಪತ್ತಾರರ ಆ ಗಂಡಸಿನ ಹೆಗಲು ಕಿವಿಯತನಕ ಮುದುಡಿತು.

ಪ್ರತಿಮಾಗೆ ಗೊತ್ತಿತ್ತು. ಹೊಳಗುಂದದ ಮನೆಯ ಹಿಂದಿನ ಕೋಣೆಯಲ್ಲಿ ಅಪ್ಪ ಕೊಂಡ ಹತ್ತಿ, ಲಾರಿ ಬರುವತನಕ ತೊಲೆ ಮುಟ್ಟುವಂತೆ ಬಿದ್ದಿರುತ್ತಿತ್ತು. ಆಗ ಅವಳಿಗೆ ಹತ್ತು, ತಮ್ಮನಿಗೆ ಐದು. ಓಣಿಯ ತಿರುವಿನಲ್ಲಿ ಅಪ್ಪನ ಬುಲೆಟ್ ಬೈಕಿನ ಸದ್ದು ಕೇಳಿದೊಡನೆ ತಮ್ಮನಿಗೆ ಎರಡು ಮುಚ್ಚಳ ಕೆಮ್ಮಿನ ಔಷಧಿ ಕುಡಿಸಿ ಹತ್ತಿಯೊಳಗೆ ಹುಗಿಯುತ್ತಿದ್ದಳು. ಅಮ್ಮನಿಗೆ ಹೊಡೆತ ಬೀಳುವಾಗ ಅವನು ಅತ್ತರೆ ಬೆಲ್ಟು ಅವನತ್ತ ತಿರುಗುತ್ತಿತ್ತು. ಹತ್ತಿಯೊಳಗಿನ ಅಳು ಹೊರಗೆ ಕೇಳದು. ವರ್ಷ ಕಳೆಯುವಷ್ಟರಲ್ಲಿ, ಅಪ್ಪ ಊರಲ್ಲಿಲ್ಲದ ದಿನವೂ ಅವನೇ ಬಾಟಲಿ ಹಿಡಿದು ಬರುತ್ತಿದ್ದ: “ಅಕ್ಕ, ಔಷಧಿ.” ತಮ್ಮನನ್ನು ಉಳಿಸಿದೆನೆಂದು ಅವಳು ಬೀಗಿದ್ದಳು.

“ಎಳೆಯ ವಯಸ್ಸಿನ ಹೆದರಿಕೆ ಬೇಗ ಮೈ ಬಿಡುವುದಿಲ್ಲ. ಅಂಥವರಿಗೆ ಅಮಲು ಬಲುಬೇಗ ಅಂಟುತ್ತದೆ,” ಎಂದರು ಡಾಕ್ಟರು. “ಮನೆಯಲ್ಲಿ ಹಾಗೇನಾದರೂ ಇದ್ದರೆ ಈ ಸಲ ಅಲ್ಲಿಗೆ ಕಳಿಸುವುದು ಬೇಡ. ಬೇರೆ ಕಡೆ ಇರಿಸೋಣ.”

“ಅಕ್ಕ, ನೀ ಹೇಳು,” ಎಂದ ತಮ್ಮ. “ನಾ ಹೇಳಿದ್ರ ಅಮಲಿನ ಮಾತು ಅಂತಾರ.”

ಪ್ರತಿಮಾ ಅಪ್ಪನತ್ತ ನೋಡಿದಳು. ಸಂಜೆ ಅಪ್ಪ ಮರಳುವ ಮನೆಯಲ್ಲಿ ಅಮ್ಮ ಒಬ್ಬಳೇ ಇದ್ದಳು. ಅಪ್ಪನ ಉಂಗುರದ ಕೈ ಮೇಜಿನ ಮೇಲಿತ್ತು.

“ಅಂಥಾದ್ದೇನೂ ಇಲ್ರಿ ಸಾರ್,” ಎಂದಳು.

ತಮ್ಮ ಸಿಟ್ಟಾಗಲಿಲ್ಲ. ಅವಳನ್ನು ನೋಡಲೂ ಇಲ್ಲ.

ತಿಂಗಳಾದ ಮೇಲೆ ಅವನು ಮನೆಗೆ ಬಂದ. ಮೂರನೆಯ ದಿನ ಮಧ್ಯಾಹ್ನ ತಿರುವಿನಲ್ಲಿ ಬುಲೆಟ್ ಗುಡುಗಿತು. ಊಟದ ತಟ್ಟೆಯ ಮುಂದೆ ಅವನಿರಲಿಲ್ಲ. ಪ್ರತಿಮಾ ಹಿಂದಿನ ಕೋಣೆಗೆ ಓಡಿ ಎರಡೂ ಕೈಯಿಂದ ಹತ್ತಿ ಸರಿಸಿದಳು. ಅರೆಗಣ್ಣು, ಮುಷ್ಟಿಯಲ್ಲಿ ಗುಳಿಗೆಯ ಖಾಲಿ ಹಾಳೆ. ಉಸಿರಿತ್ತು.

“ಅಪ್ಪ ಬಂದ್ನಾ?” ಎಂದ, ಐದು ವರ್ಷದವನ ದನಿಯಲ್ಲಿ.

ಅಂಗಳದಲ್ಲಿ ಚಪ್ಪಲಿ ಸದ್ದಾಯಿತು. ಕೂಗಿ ಯಾರನ್ನಾದರೂ ಕರೆಯಬೇಕಿತ್ತು. ಪ್ರತಿಮಾಳ ಕೈಗಳು ಹತ್ತಿಯನ್ನು ಎಳೆದೆಳೆದು ಅವನ ಮೇಲೆ ಮುಚ್ಚುತ್ತಿದ್ದವು.