ಲೆವಾಸಾ ಕೊಟ್ಟ ದಂಡ

ನಮ್ಮೂರಿನಲ್ಲಿ ಮತ ಹಾಕುವುದು ಒಬ್ಬೊಬ್ಬರ ಕೆಲಸವಲ್ಲ, ಇಡೀ ಊರಿನ ಕೆಲಸ. ಮನೆತನಗಳ ಯಜಮಾನರ ಸಭೆ ಹಳೆಯ ಪಕ್ಷಕ್ಕೆ ಮಾತು ಕೊಟ್ಟು ಒಂದು ತಲೆಮಾರೇ ಕಳೆದಿತ್ತು. ಸಭೆಯ ತೀರ್ಮಾನವನ್ನು ಊರಿಗೆ ಸಾರುವ ಮಾತುಗಾರರು ಲೆವಾಸಾ. ಆ ವರ್ಷ ರಾಜಧಾನಿ ಆಪಿಯಾದಲ್ಲಿ ಹೊಸ ಪಕ್ಷವೊಂದು ನೋಂದಣಿಯಾಯಿತು. ನಮ್ಮ ಕ್ಷೇತ್ರಕ್ಕೆ ಅದರ ಅಭ್ಯರ್ಥಿಯಾಗಿ ನಿಂತವಳು ಲೆವಾಸಾರ ಮಗಳು ಪೆನೀನಾ. ತಾಯಿಯ ಕಡೆಯ ಮನೆತನದ ಯಜಮಾನಿಕೆಯ ಬಿರುದು ಹೊತ್ತವಳು, ಕೆಲಸದಲ್ಲಿ ನರ್ಸು; ಆ ಬಿರುದಿಲ್ಲದವರು ನಮ್ಮಲ್ಲಿ ಚುನಾವಣೆಗೆ ನಿಲ್ಲುವಂತಿಲ್ಲ.

"ಅಪ್ಪಾ, ನೀವೇ ನನ್ನ ವಿರುದ್ಧ ಸಾರ್ತೀರಾ?"

"ಸಾರೋದು ನನ್ನ ಕೆಲಸ ಮಗಳೇ. ನೀನು ಸೂಜಿ ಚುಚ್ಚೋವಾಗ ಮುಖ ನೋಡಿ ಚುಚ್ತೀಯಾ?"

ಊರ ಬಯಲಿನಲ್ಲಿ ಜನ ಸೇರಿದರು. ಲೆವಾಸಾ ಮಾತುಗಾರಿಕೆಯ ಗುರುತಾದ ಕೋಲೂರಿ ನಿಂತು, ತಡವರಿಸದೆ ಸಾರಿದರು: "ಊರಿನ ಮಾತು ಹಳೆಯ ಪಕ್ಷಕ್ಕೆ."

ಯಜಮಾನರೆಲ್ಲ ತಲೆದೂಗಿದರು. ಲೆವಾಸಾ ಕೋಲನ್ನು ಮೆಲ್ಲಗೆ ಹುಲ್ಲಿನ ಮೇಲಿಟ್ಟರು.

"ಇಷ್ಟೊತ್ತು ಆಡಿದ್ದು ಊರಿನ ಮಾತು. ಇನ್ನು ನಂದು. ನನ್ನ ವೋಟು ನನ್ನ ಮಗಳಿಗೆ."

ಹಿರಿಯ ಯಜಮಾನ ಫೋನೋತಿ ಎದ್ದೇ ನಿಂತರು. "ಲೆವಾಸಾ, ಬಿಸಿಲು ತಲೆಗೇರಿತೇನೋ! ಕೋಲು ಎತ್ಕೋ."

"ಎತ್ಕೊಂಡ್ರೆ ಮತ್ತೆ ನಿಮ್ಮ ಮಾತೇ ಆಡ್ಬೇಕಲ್ಲ."

ಸಭೆ ದಂಡ ಹಾಕಿತು: ಒಂದು ದೊಡ್ಡ ಹಂದಿ, ಜೊತೆಗೆ ಡಬ್ಬಿ ಮೀನಿನ ಪೆಟ್ಟಿಗೆಗಳು. ಕೋಲೂ ಹೋಯಿತು. ಪೆನೀನಾ ಅಳುತ್ತಲೇ ಬೈದಳು: "ಯಾರು ಕೇಳಿದ್ರು ನಿಮ್ಮನ್ನ? ಮನೇಲಿ ಹೇಳಿದ್ರೆ ಸಾಕಾಗ್ತಿರ್ಲಿಲ್ವಾ?"

"ಮನೇಲಿ ಹೇಳಿದ್ರೆ ನಿಂಗೊಬ್ಳಿಗೇ ಕೇಳ್ತಿತ್ತು," ಎಂದರು ಲೆವಾಸಾ.

ಅವಳು ಸೋತಳು, ಹೀನಾಯವಾಗಿಯೇ. ಆದರೂ ನಮ್ಮೂರಿನ ಮತಪೆಟ್ಟಿಗೆಯಲ್ಲಿ ಅವಳಿಗೆ ಬಿದ್ದ ಮತಗಳು ಲೆವಾಸಾರ ಮನೆಮಂದಿಗಿಂತ ಹೆಚ್ಚಿದ್ದವು. ಅವು ಯಾರವೆಂದು ಯಾರೂ ಕೇಳಲಿಲ್ಲ.

ದಂಡದ ಹಂದಿ ಕಾದ ಕಲ್ಲುಗಳ ಮೇಲೆ ಬೆಂದಿತು. ಸಭೆಗೆ ಬಡಿಸಿದವಳು ಪೆನೀನಾಳೇ. ಉಣ್ಣುತ್ತಲೇ ಫೋನೋತಿ ಗಾಯವಾದ ಕಾಲನ್ನು ಅವಳತ್ತ ಚಾಚಿದರು. ಅವಳು ಚೀಲ ತಂದು, ಕೀವು ತೊಳೆದು, ಪಟ್ಟಿ ಕಟ್ಟತೊಡಗಿದಳು.

"ಚುನಾವಣೆಗೆ ನಿಲ್ಲೋಕೆ ಮುಂಚೆ ನಮ್ಮನ್ನ ಒಂದು ಮಾತು ಕೇಳ್ಬೇಕಿತ್ತು ಕಣಮ್ಮ."

"ಕೇಳಿದ್ರೆ ಒಪ್ತಿದ್ರಾ?"

"ಇಲ್ಲ. ಆದ್ರೆ ಈ ಹಂದಿ ಉಳೀತಿತ್ತು."

ಹಿಂದೆ ಕೂತಿದ್ದ ಲೆವಾಸಾ ಗಟ್ಟಿಯಾಗಿ ನಕ್ಕುಬಿಟ್ಟರು. ಅಷ್ಟು ದಿನ ಅವರು ನಕ್ಕಿದ್ದನ್ನು ನಾವು ಕಂಡಿರಲಿಲ್ಲ. ಫೋನೋತಿಯೂ ನಗು ತಡೆಯಲಾಗದೆ ಕೆಮ್ಮಿದರು.

ಕೋಲನ್ನು ಮಾತ್ರ ಹಿಂದಿರುಗಿಸಲಿಲ್ಲ. ಈಗ ಊರಿನ ಮಾತುಗಾರ ಲೆವಾಸಾರ ತಮ್ಮ. ಲೆವಾಸಾ ಬೆಳಿಗ್ಗೆ ಕೆಸುವಿನ ತೋಟಕ್ಕೆ ಹೋಗುತ್ತಾರೆ; ಸಂಜೆ ಮಗಳ ಜೊತೆ ಪಕ್ಕದ ಊರುಗಳಿಗೆ ನಡೆಯುತ್ತಾರೆ, ಅವಳ ಪಕ್ಷಕ್ಕೆ ಜನ ಕೂಡಿಸಲು.