ಮೂರು ಪದದ ನಿಯಮ

ಸಂಶಿ ಸುತ್ತಲಿನ ದನಗಳ ಡಾಕ್ಟರು ನಾನು. ನನ್ನ ಫೋಟೊ ಫೈಲುಗಳಿಗೆಲ್ಲ ‘ಎಮ್ಮಿ_ಈರೇಶ_ಜ್ವರ’ ಎಂಬಂಥ ಹೆಸರು. ಅವನ್ನು ಬಿಡಿಸಿ ಪಟ್ಟಿ ಮಾಡುವ ಕೋಡ್ ಲೈಬ್ರರಿಯೊಂದು, ಅಂದರೆ ಸಿದ್ಧ ಪ್ರೋಗ್ರಾಮು, ಸಿಕ್ಕಿತು. ನಿಯಮ ಮಾತ್ರ ನಾವೇ ಬರೆಯಬೇಕು. ಮೊದಲ ಪದ ದನ, ಎರಡನೆಯದು ಮಾಲಕ, ಮೂರನೆಯದು ರೋಗ ಎಂದು ಬರೆದೆ. ಏನು ಮಾಡೀತೋ ನೋಡೇಬಿಡೋಣ ಎಂದು ಗುಂಡಿ ಒತ್ತಿದೆ.

ಎರಡು ಸಾವಿರ ಸಾಲು ಬಂದವು. ಒಂದು ಸಾಲು ಮಾತ್ರ ವಿಚಿತ್ರ:

ದನ: ಶಂಭುಲಿಂಗಪ್ಪ. ಮಾಲಕ: ಎಮ್ಮಿ. ರೋಗ: ಹಠ.

ಅವಸರದಲ್ಲಿ ನಾನೇ ಆ ಫೈಲಿನ ಹೆಸರನ್ನು ಹಿಂದುಮುಂದು ಬರೆದಿದ್ದೆ. ಶಂಭುಲಿಂಗಪ್ಪನವರ ಹೆಂಡತಿ ಸಾವಿತ್ರೆವ್ವ ಔಷಧಕ್ಕೆ ಬಂದಿದ್ದರು; ಪರದೆಯತ್ತ ಬಗ್ಗಿ ಆ ಸಾಲು ಓದಿದರು.

“ತಪ್ಪಾಗೇತ್ರಿ, ತಿದ್ದತೀನಿ,” ಎಂದೆ.

“ತಿದ್ದಬ್ಯಾಡ್ರಿ, ಅಗದಿ ಬರೋಬ್ಬರಿ ಐತಿ. ಎಮ್ಮಿ ಒದರಿದ್ರ ಓಡಿ ಹೋಗ್ತಾರ. ನಾ ಒದರಿದ್ರ ಹೊರಳಿ ಸೈತ ನೋಡಂಗಿಲ್ಲ!”